ನಮ್ಮ ಮನೆಯ ಹಂಚು ಮತ್ತು 1865

ಉರ್ವದ ನಮ್ಮ ಹಳೆಯ ಮನೆಯನ್ನು ಕೆಡವಿದಾಗ ಕುಟುಂಬದವರೆಲ್ಲ ಒಂದೊಂದು ವಸ್ತುವನ್ನು ನೆನಪಿಗೆಂದು ಕೊಂಡೊಯ್ದರು. ಒಬ್ಬರಿಗೆ ಹಲಸಿನ ಮರದ ಬಾಗಿಲು, ಇನ್ನೊಬ್ಬರಿಗೆ ತಾಮ್ರದ ಹಂಡೆ, ಮತ್ತೊಬ್ಬರಿಗೆ ಕಡೆಯುವ ಕಲ್ಲು. ನಮ್ಮ ಪಾಲಿಗೆ ಬಂದದ್ದು ಒಂದು ಹಂಚು. ಬಂದದ್ದು ಎನ್ನುವುದಕ್ಕಿಂತ ನಾವೇ ಕೇಳಿ ಪಡೆದದ್ದು ಎನ್ನಬೇಕು.

ಕಾರಣವಿತ್ತು. ಬಾಲ್ಯದಲ್ಲಿ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿ ಮೇಲೆ ನೋಡಿದರೆ ಪಕ್ಕಾಸು, ರೀಪುಗಳ ನಡುವೆ ಹಂಚಿನ ಅಡಿಭಾಗ ಕಾಣುತ್ತಿತ್ತು. ಅಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ನಾವು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದೇ ಆ ಮಾಡಿನಿಂದ. ಮನೆಗೆ ಯಾರೇ ಬರಲಿ, ದೊಡ್ಡಪ್ಪ ಕುರ್ಚಿಯಿಂದಲೇ ಬೆರಳು ಮೇಲೆತ್ತಿ, “ನೋಡಿ, 1865. ಜೆಪ್ಪುವಿನ ಕಾರ್ಖಾನೆಯ ಮೊದಲ ವರ್ಷದ ಹಂಚು. ನಮ್ಮ ಮುತ್ತಜ್ಜನ ಕಾಲದ್ದು” ಎನ್ನುತ್ತಿದ್ದರು. ಬಂದವರು ತಲೆಯಾಡಿಸುತ್ತಿದ್ದರು. ಹಂಚೇ ಹೇಳುತ್ತಿರುವಾಗ ಇಲ್ಲ ಎನ್ನುವವರು ಯಾರು?

ಒಬ್ಬರಿದ್ದರು. ನಮ್ಮ ಅಜ್ಜಿ. “ನಾನು ಮದುವೆಯಾಗಿ ಬಂದಾಗ ಇದು ಮಡಲಿನ ಮನೆ. ಪ್ರತಿ ವರ್ಷ ಮಳೆಗೆ ಮುಂಚೆ ಹೊದೆಸಬೇಕಿತ್ತು. ಮಿಶನಿನ ದೊರೆಗಳನ್ನು ಹಿಡಿದುಕೊಂಡು ಹೋದರಲ್ಲ, ಅದರ ಮರುವರ್ಷ ಹಂಚು ಹಾಕಿದ್ದು. ನನ್ನ ಎರಡು ಬಳೆ ಅದಕ್ಕೇ ಹೋಯಿತು” ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದರು. ದೊಡ್ಡಪ್ಪ ನಗುತ್ತಿದ್ದರು. ನಾವು ಮಕ್ಕಳೂ ನಗುತ್ತಿದ್ದೆವು. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ನಮಗೆ ಬರುತ್ತಿತ್ತು. 1865ರಲ್ಲಿ ಹುಟ್ಟಿಯೇ ಇರದ ಹೆಂಗಸಿನ ಬಳೆಯಿಂದ 1865ರ ಹಂಚು ಕೊಳ್ಳುವುದು ಹೇಗೆ ಎಂದು ನಾವು ಅವರ ಎದುರಿನಲ್ಲೇ ಲೆಕ್ಕ ಹಾಕಿ ತೋರಿಸಿದ್ದೂ ಉಂಟು. ಅಜ್ಜಿ 1984ರಲ್ಲಿ ತೀರಿಕೊಂಡರು. ಬಳೆಯ ಮಾತು ಅವರೊಂದಿಗೇ ನಿಂತಿತು.

ಹಂಚನ್ನು ಮನೆಗೆ ತಂದ ಮೇಲೆ ಅದರ ಚರಿತ್ರೆಯನ್ನು ಹುಡುಕುವ ಆಸೆಯಾಯಿತು. ನಿಜ ಹೇಳಬೇಕೆಂದರೆ ದೊಡ್ಡಪ್ಪನ ಮಾತಿಗೆ ಒಂದು ದಾಖಲೆ ಸಿಕ್ಕಲಿ ಎಂಬುದೇ ನಮ್ಮ ಉದ್ದೇಶವಾಗಿತ್ತು. ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಶನ್ 21 ಸಂಸ್ಥೆಯ ಪತ್ರಾಗಾರದಲ್ಲಿವೆ. ಅಷ್ಟು ದೂರ ಹೋಗಲಾಗದವರಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ. ಮಿಶನರಿಗಳು ಬಾಸೆಲ್‌ಗೆ ಬರೆದ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಬಲ್ಲವರಿಗೂ ಆ ಬರಹವನ್ನು ಬೇರೆಯೇ ಕಲಿಯಬೇಕು. ನಮ್ಮಂಥವರಿಗೆ ದಾರಿ ತೋರುವುದು ಇಂಗ್ಲಿಷಿನ ಅಚ್ಚಾದ ವಾರ್ಷಿಕ ವರದಿಗಳು ಮತ್ತು 1990ರಲ್ಲಿ ಪ್ರಕಟವಾದ ಜೈಪ್ರಕಾಶ್ ರಾಘವಯ್ಯನವರ ಸಂಶೋಧನೆಯಂಥ ಗ್ರಂಥಗಳು.

ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮುದ್ರಣಾಲಯ, 1843ರ ‘ಮಂಗಳೂರು ಸಮಾಚಾರ’, 1894ರ ಕಿಟೆಲ್ ನಿಘಂಟು ಇವು ಕನ್ನಡಿಗರೆಲ್ಲರಿಗೂ ತಿಳಿದವು. ಅದರ ಉದ್ದಿಮೆಯ ಕಥೆ ಅಷ್ಟಾಗಿ ತಿಳಿದಿಲ್ಲ. ಕ್ರೈಸ್ತರಾದವರಲ್ಲಿ ಅನೇಕರು ಜಾತಿಯೊಂದಿಗೆ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡರು. ಅವರಿಗೆ ದುಡಿಮೆ ಬೇಕಿತ್ತು. ನೇಯ್ಗೆ ಆರಂಭವಾಯಿತು, ಬಳಿಕ ಹಂಚು. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪನಿಯೇ ಹುಟ್ಟಿತು. ಕೆಲಸ ಬೆಳೆದಂತೆ ಕ್ರೈಸ್ತರಲ್ಲದವರೂ ಕಾರ್ಖಾನೆಗಳಲ್ಲಿ ದುಡಿದರು.

ಮುದ್ರಣಾಲಯದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಯವರೆಗೆ ನಮ್ಮೂರಿನಲ್ಲಿ ಕುಂಬಾರರು ಮಾಡುವ ಓಡು ಹಂಚು ಇತ್ತು, ಬಡವರಿಗೆ ಮಡಲು, ಮುಳಿಹುಲ್ಲು. ಹೊಸ ಹಂಚಿನ ವಿಶೇಷವೆಂದರೆ ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂಡಿಕೊಳ್ಳುವುದು. ಈ ಉಪಾಯ ಮಂಗಳೂರಿನದಲ್ಲ. ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಕ್ ಎಂಬ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಆಲ್ಟ್‌ಕಿರ್ಕ್‌ನಿಂದ ಬಾಸೆಲ್ ದೂರವೇನಲ್ಲ. ಅಲ್ಲಿನ ಉಪಾಯಕ್ಕೆ ಇಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣು ದೊರಕಿತು, ಘಟ್ಟದ ಸೌದೆ ದೊರಕಿತು, ಸಾಗಿಸಲು ದೋಣಿ ದೊರಕಿತು. ಹೆಸರು ಮಾತ್ರ ‘ಮಂಗಳೂರು ಹಂಚು’ ಎಂದೇ ನಿಂತಿತು. ಸಮುದ್ರ ದಾಟಿ ಆಫ್ರಿಕಾದ ಪೂರ್ವ ಕರಾವಳಿಯವರೆಗೂ ಅದೇ ಹೆಸರಿನಲ್ಲಿ ಹೋಯಿತು.

ಮಿಶನ್ನಿನ ಕಾರ್ಖಾನೆ ಒಂದಕ್ಕೆ ನಿಲ್ಲಲಿಲ್ಲ. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ, ಹಾಗೆಯೇ ಮಲಬಾರಿನಲ್ಲಿಯೂ ಹಂಚಿನ ಕಾರ್ಖಾನೆಗಳು ಎದ್ದವು. ಕುದ್ರೋಳಿಯ ಹೆಸರು ಕಂಡಾಗ ನಾವು ಓದುವುದನ್ನು ನಿಲ್ಲಿಸಿದೆವು. ಅದು ಉರ್ವದಿಂದ ನಡೆದುಹೋಗುವಷ್ಟು ಹತ್ತಿರ. ಪಕ್ಕದಲ್ಲೇ ಕಾರ್ಖಾನೆಯಿರುವಾಗ ದೂರದ ಜೆಪ್ಪುವಿನಿಂದ ಯಾರಾದರೂ ಹಂಚು ಹೊತ್ತು ತರುತ್ತಾರೆಯೇ? ಆದರೆ ಕುದ್ರೋಳಿಯ ಹಂಚಾದರೆ ಅದು 1882ಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ. ಹಾಗಾದರೆ 1865 ಎಂದರೇನು?

ಉತ್ತರ ಹುಡುಕಿದಷ್ಟು ಕಠಿಣವಾಗಿರಲಿಲ್ಲ. ಹಂಚಿಗೆ ಅಕ್ಷರ ಬರುವುದು ಅಚ್ಚಿನಿಂದ. ಹದಗೊಳಿಸಿದ ಮಣ್ಣಿನ ಹಲಗೆಯನ್ನು ಲೋಹದ ಅಚ್ಚಿನಲ್ಲಿಟ್ಟು ಒತ್ತುತ್ತಾರೆ, ಅಂಚಿನ ಹೆಚ್ಚಿನ ಮಣ್ಣನ್ನು ಕೆರೆದು ನೆರಳಿನಲ್ಲಿ ಒಣಗಿಸಿ ಸುಡುತ್ತಾರೆ. ಅಚ್ಚಿನಲ್ಲಿ ಕೊರೆದದ್ದು ಕಂಪನಿಯ ಹೆಸರು ಮತ್ತು ಅದರ ಸ್ಥಾಪನೆಯ ವರ್ಷ. 1865 ಎಂಬುದು ಹಂಚು ಹುಟ್ಟಿದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನವರೇ ಆರಂಭಿಸಿದ ಆಲ್ಬುಕರ್ಕ್ ಕಂಪನಿಯ ಹಂಚುಗಳ ಮೇಲೆ 1868 ಎಂದಿರುವುದೂ ಇದೇ ರೀತಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ನಮ್ಮಂತೆಯೇ ಮಾಡು ನೋಡಿ ಮನೆಯ ವಯಸ್ಸು ಹೇಳುವವರಿದ್ದಾರೆ. ಅಂಗಡಿಯ ಬೋರ್ಡಿನಲ್ಲಿ ಬರೆದ ವರ್ಷವನ್ನು ನೋಡಿ, ಒಳಗಿರುವ ಅಕ್ಕಿಯೂ ಅಷ್ಟೇ ಹಳೆಯದೆಂದು ಹೇಳಿದಂತಾಯಿತು!

ಹಾಗೆಂದು ಹಂಚಿಗೆ ಕಾಲಮಿತಿಯೇ ಇಲ್ಲವೆಂದಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮಿಶನ್ನಿನಲ್ಲಿದ್ದ ಜರ್ಮನರು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಪಾದ್ರಿಗಳನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳು ಕಂಪನಿಯ ಕೈತಪ್ಪಿ, 1919ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಂಚುಗಳ ಮೇಲೂ ಕಾಮನ್‌ವೆಲ್ತ್ ಹೆಸರು ಬಂತು. ಆದ್ದರಿಂದ ಬಾಸೆಲ್ ಮಿಶನ್ ಎಂದಿರುವ ನಮ್ಮ ಹಂಚು ಈ ಬದಲಾವಣೆಗೆ ಮೊದಲಿನದು. ಸುಮಾರು ಐವತ್ತು ವರ್ಷಗಳ ಅವಧಿ. ಅದಕ್ಕಿಂತ ಹೆಚ್ಚು ಸೂಕ್ಷ್ಮವಾಗಿ ಹಂಚು ಏನನ್ನೂ ಹೇಳದು.

ಆದರೆ ಅಹ್ಮದ್‌ನಗರದ ವಿಷಯ ಓದುವಾಗ ನಮಗೆ ಅಜ್ಜಿಯ ದನಿ ಕೇಳಿಸಿತು. ಮಿಶನಿನ ದೊರೆಗಳನ್ನು ಹಿಡಿದುಕೊಂಡು ಹೋದ ಮರುವರ್ಷ. ಅವರಿಗೆ ಇಸವಿ ಗೊತ್ತಿರಲಿಲ್ಲ, ಯಾವ ದೇಶಕ್ಕೂ ಯಾವ ದೇಶಕ್ಕೂ ಯುದ್ಧವೆಂದೂ ಗೊತ್ತಿರಲಿಲ್ಲ. ಊರಿನಲ್ಲಿ ಆದದ್ದೊಂದನ್ನು ಹಿಡಿದು ಅದಕ್ಕೆ ಮನೆಯ ಹಂಚನ್ನು ಗಂಟುಹಾಕಿ ಇಟ್ಟುಕೊಂಡಿದ್ದರು. ಆ ಗಂಟನ್ನು ಬಿಚ್ಚಿದರೆ ಸಿಗುವುದು 1915 ಅಥವಾ ಅದರ ಆಚೀಚೆ. ನಮ್ಮ ಹಂಚಿನ ಅವಧಿಯೊಳಗೇ ಅದು ಬೀಳುತ್ತದೆ. ಅಜ್ಜಿ ಮದುವೆಯಾಗಿ ಬಂದದ್ದೂ ಯುದ್ಧಕ್ಕೆ ಸ್ವಲ್ಪ ಮೊದಲು.

ಇದು ಪುರಾವೆಯೇ ಎಂದು ಕೇಳಿದರೆ ಪೂರ್ತಿ ಅಲ್ಲ. ಹಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವ ವಸ್ತು. ಕೆಡವಿದ ಮನೆಯ ಹಂಚನ್ನು ಎಣಿಸಿ ಮಾರುವುದು ನಮ್ಮಲ್ಲಿ ಈಗಲೂ ಇದೆ. ನಮ್ಮ ಮನೆಯವರು ಹೊಸದನ್ನೇ ಕೊಂಡರೋ ಹಳೆಯದನ್ನು ಕೊಂಡರೋ ಎಂದು ಯಾವ ವರದಿಯೂ ಹೇಳುವುದಿಲ್ಲ. ಕಂಪನಿಯ ಕಾಗದಗಳು ಕಂಪನಿಗಾಗಿ ಬರೆದವು. ಅಲ್ಲಿ ಬಂಡವಾಳವಿದೆ, ಗೂಡುಗಳಿವೆ, ಹಡಗಿಗೆ ಹೇರಿದ ಸರಕಿದೆ. ಬಾಸೆಲ್‌ನ ಸಂಗ್ರಹದ ಹಳೆಯ ಛಾಯಾಚಿತ್ರಗಳಲ್ಲಿ ಹಂಚಿನ ಸಾಲುಗಳ ನಡುವೆ ನಿಂತ ಕೂಲಿಯವರೂ ಇದ್ದಾರೆ, ಹೆಚ್ಚಿನವರು ಹೆಸರಿಲ್ಲದೆ. ಮಡಲಿನ ಮನೆಗೆ ಹಂಚು ಹಾಕಿಸಲು ಬಳೆ ಬಿಚ್ಚಿಕೊಟ್ಟ ಹೆಂಗಸಿನ ಲೆಕ್ಕ ಇಟ್ಟುಕೊಳ್ಳಲು ಅವರಿಗೆ ಕಾರಣವಿರಲಿಲ್ಲ. ಆ ಲೆಕ್ಕ ಇಟ್ಟುಕೊಳ್ಳಬೇಕಾದವರು ನಾವಾಗಿದ್ದೆವು. ನಾವು ಮಾಡು ನೋಡಿ ನಕ್ಕೆವು.

ದೊಡ್ಡಪ್ಪ ಈಗಿಲ್ಲ. ಅವರ ಮಗನಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆವು. 1865 ಕೈಬಿಡಲು ಅವನಿಗೆ ಮನಸ್ಸಿರಲಿಲ್ಲ, ಎರಡು ಮೂರು ಪ್ರಶ್ನೆ ಹಾಕಿ ನೋಡಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಯ ಬಳೆ ಎಷ್ಟು ಪವನಿನದ್ದಾಗಿತ್ತು?” ಎಂದು ಕೇಳಿದ.

ಅದನ್ನು ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.