ನೆಲ ಡೊಂಕೆಂಬ ಮಾತು ಮತ್ತು ಗಚ್ಚಿಬೌಲಿಯ ಬ್ಯಾಡ್ಮಿಂಟನ್

ಹೈದರಾಬಾದಿನ ಪಶ್ಚಿಮ ಭಾಗದ ಗಚ್ಚಿಬೌಲಿಯನ್ನು ಸಾಫ್ಟ್‌ವೇರ್ ಕಚೇರಿಗಳ ಬಡಾವಣೆಯೆಂದು ಗುರುತಿಸುವುದು ವಾಡಿಕೆಯಾದರೂ, ಭಾರತದ ಕ್ರೀಡಾ ಚರಿತ್ರೆಯಲ್ಲಿ ಅದು ಬ್ಯಾಡ್ಮಿಂಟನ್ನಿನ ಊರು. ಹೆಬ್ಬಂಡೆಗಳ ಬಯಲಾಗಿದ್ದ ಈ ಪ್ರದೇಶಕ್ಕೆ 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ತನ್ನ ವಿಶಾಲ ಆವರಣದೊಂದಿಗೆ ಬಂದು ನೆಲೆಸಿತು. 2002ರ ರಾಷ್ಟ್ರೀಯ ಕ್ರೀಡಾಕೂಟದ ನಿಮಿತ್ತ ಕ್ರೀಡಾಂಗಣಗಳು ಎದ್ದವು. 2008ರಲ್ಲಿ ಪುಲ್ಲೇಲ ಗೋಪಿಚಂದ್ ಅವರ ಅಕಾಡೆಮಿ ಬಾಗಿಲು ತೆರೆಯಿತು. ಭಾರತೀಯ ಆಟಗಾರರ ಸೋಲಿಗೆ ದಶಕಗಳಿಂದ ಹೇಳಿಕೊಂಡು ಬಂದಿದ್ದ ಕಾರಣಗಳು ಇಲ್ಲಿ ಒಂದೊಂದಾಗಿ ಬಲ ಕಳೆದುಕೊಂಡವು.

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಈ ಆಟಗಾರರ ಮೇಲೆ ಹೊರಿಸುವುದು ಸುಲಭ. ಆದರೆ ನ್ಯಾಯವಲ್ಲ, ಏಕೆಂದರೆ ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಕುಂದಾಪುರದ ಕಡೆಯ ಪಡುಕೋಣೆ ಮನೆತನದ ಪ್ರಕಾಶ್ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ಮಂಟಪವೂ ಆಗಿದ್ದರಿಂದ ಮುಹೂರ್ತವಿದ್ದ ದಿನ ಅಭ್ಯಾಸಕ್ಕೆ ರಜೆ. ಅಂಥ ಏರ್ಪಾಟಿನಿಂದ ಹೊರಟವರು 1980ರಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು, ಅಂದರೆ ಈ ಆಟದ ಅತ್ಯಂತ ಹಳೆಯ ಪಂದ್ಯಾವಳಿಯ ಕಿರೀಟವನ್ನು, ಗೆದ್ದರು. ಆ ಗೆಲುವು ಒಂದು ಅಪವಾದವೆಂದೇ ಎಣಿಕೆಯಾಯಿತು. ಚೀನಾದವರ ಮುಂದೆ ನಮ್ಮವರ ಮೈಕಟ್ಟು ಸಾಲದು, ಅಂಕಣಗಳಿಲ್ಲ, ಹಣವಿಲ್ಲ ಎಂಬ ಮಾತು ಮುಂದಿನ ಎರಡು ದಶಕ ಹಾಗೆಯೇ ಉಳಿಯಿತು. ಅರ್ಧ ನಿಜವಾದ ನೆಪವನ್ನು ಕೀಳುವುದು ಪೂರ್ತಿ ಸುಳ್ಳಾದ ನೆಪವನ್ನು ಕೀಳುವುದಕ್ಕಿಂತ ಕಷ್ಟ.

ಆಂಧ್ರದ ಪ್ರಕಾಶಂ ಜಿಲ್ಲೆಯ ನಾಗಂಡ್ಲದಲ್ಲಿ 1973ರಲ್ಲಿ ಹುಟ್ಟಿದ ಗೋಪಿಚಂದ್ ಹೈದರಾಬಾದಿನಲ್ಲಿ ಎಸ್. ಎಂ. ಆರಿಫ್ ಅವರ ಬಳಿ ಪಳಗಿದವರು. 1994ರ ಪುಣೆ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರ ಮೊಣಕಾಲಿನ ಅಸ್ಥಿರಜ್ಜು, ಅಂದರೆ ಎಲುಬುಗಳನ್ನು ಬಂಧಿಸುವ ನಾರು, ಹರಿದಾಗ ಆಟ ಬಿಡಲು ಅದಕ್ಕಿಂತ ಗೌರವದ ಕಾರಣ ಬೇಕಿರಲಿಲ್ಲ. ಶಸ್ತ್ರಚಿಕಿತ್ಸೆಗಳ ನಡುವೆ ಬೆಂಗಳೂರಿಗೆ ಬಂದು, ಪ್ರಕಾಶ್ ಪಡುಕೋಣೆ 1994ರಲ್ಲಿ ತೆರೆದ ಅಕಾಡೆಮಿಯಲ್ಲಿ ಅಭ್ಯಾಸ ಮುಂದುವರಿಸಿದ ಅವರು, 2001ರ ಮಾರ್ಚ್ 11ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಎರಡನೆಯ ಭಾರತೀಯರಾದರು. ಹೀಗೆ ಗಚ್ಚಿಬೌಲಿಯ ಕಥೆಗೆ ಕರ್ನಾಟಕದ ಬೇರೂ ಒಂದಿದೆ.

ಅಕಾಡೆಮಿಗಾಗಿ ಗೋಪಿಚಂದ್ ಅವರಿಗೆ ಅಂದಿನ ಆಂಧ್ರಪ್ರದೇಶ ಸರ್ಕಾರ 2003ರಲ್ಲಿ ಗಚ್ಚಿಬೌಲಿಯಲ್ಲಿ 5 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತಾದರೂ ಕಟ್ಟಲು ಹಣವಿರಲಿಲ್ಲ. ಒಂದು ಸಾರ್ವಜನಿಕ ಉದ್ದಿಮೆಯ ಕಚೇರಿಯ ಹೊರಗೆ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕಾದು ಕುಳಿತ ಮೇಲೆ, ಈ ಆಟಕ್ಕೆ ಸಾಕಷ್ಟು ನೋಡುಗರಿಲ್ಲವೆಂಬ ಉತ್ತರ ದೊರೆತದ್ದನ್ನು ಗೋಪಿಚಂದ್ ಸಾರ್ವಜನಿಕವಾಗಿಯೇ ಹೇಳಿದ್ದಾರೆ. ಬಳಿಕ ಅವರು ಮನೆಯನ್ನು ಅಡವಿಟ್ಟರು; ಉದ್ಯಮಿ ನಿಮ್ಮಗಡ್ಡ ಪ್ರಸಾದ್, ಒಲಿಂಪಿಕ್ ಪದಕ ತರಬೇಕೆಂಬ ಷರತ್ತಿನ ಮೇಲೆ 5 ಕೋಟಿ ರೂಪಾಯಿ ನೀಡಿದರು. ಕಟ್ಟಡ ಮುಗಿದ ಮರುವರ್ಷ, 2009ರ ಆಗಸ್ಟ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್ ಗಚ್ಚಿಬೌಲಿಗೇ ಬಂದಿತು. ಇಂಗ್ಲೆಂಡ್ ತಂಡ ಮಾತ್ರ ಭದ್ರತೆಯ ಭಯದಿಂದ ಆಡದೆ ಹಿಂತಿರುಗಿತು.

ಇಷ್ಟರಿಂದ ಅಂಕಣ, ಹಣಗಳ ಕೊರತೆ ನೀಗಿತು, ಅಳುಕು ನೀಗಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಗೋಪಿಚಂದ್ ಅವರ ಶಿಷ್ಯೆ ಸೈನಾ ನೆಹ್ವಾಲ್ ನಿರ್ಣಾಯಕ ಗೇಮಿನಲ್ಲಿ 11-3ರಿಂದ ಮುಂದಿದ್ದೂ ಸೋತಿದ್ದರು. ಇದಕ್ಕೆ ಗಚ್ಚಿಬೌಲಿ ಹುಡುಕಿದ ಮದ್ದು ಉಪದೇಶವಲ್ಲ, ದಿನಚರಿ: ಬೆಳಗಿನ ಜಾವ ನಾಲ್ಕೂವರೆಗೆ ಅಭ್ಯಾಸ, ತಮ್ಮಷ್ಟೇ ಬಲದ ಎದುರಾಳಿಗಳೊಂದಿಗೆ ನಿತ್ಯದ ಸ್ಪಾರಿಂಗ್ ಅಂದರೆ ಪಂದ್ಯದಂತೆಯೇ ಆಡುವ ತಾಲೀಮು, ಊಟದ ಮೇಲೆ ಕಣ್ಣು. ನಾಲ್ಕು ವರ್ಷಗಳ ಬಳಿಕ ಲಂಡನ್ನಿನಲ್ಲಿ ಸೈನಾ ಕಂಚು ತಂದು ನಿಮ್ಮಗಡ್ಡ ಅವರ ಷರತ್ತನ್ನು ಪೂರೈಸಿದರು.

ಸಿಕಂದರಾಬಾದಿನ ಮಾರೇಡ್‌ಪಲ್ಲಿಯಿಂದ ನಿತ್ಯ ಹೋಗಿ ಬರಲು 56 ಕಿಲೋಮೀಟರ್ ಸಾಗುತ್ತಿದ್ದ ಬಾಲಕಿ ಪಿ. ವಿ. ಸಿಂಧು ಅವರ ಪ್ರಸಂಗ ಇನ್ನೂ ಸೂಕ್ಷ್ಮ. ಎತ್ತರ, ಹೊಡೆತಗಳೆಲ್ಲ ಇದ್ದ ಅವರಲ್ಲಿ ಆಕ್ರಮಣದ ಛಲ ಕಾಣದಿದ್ದಾಗ, ಅಂಕಣದ ನಡುವೆ ನಿಂತು ಎಲ್ಲರ ಎದುರು ಗಟ್ಟಿಯಾಗಿ ಕೂಗುವವರೆಗೆ ರಾಕೆಟ್ ಮುಟ್ಟುವಂತಿಲ್ಲ ಎಂದು ಗೋಪಿಚಂದ್ ವಿಧಿಸಿದರು. ಸಿಂಧು ಅತ್ತರು, ಕೊನೆಗೆ ಕೂಗಿದರು. ಈ ಕ್ರಮದ ಕಾಠಿಣ್ಯವನ್ನು ಒಪ್ಪದವರೂ ಉಂಟು, ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2016ರ ರಿಯೊ ಬೆಳ್ಳಿಯ ಬಳಿಕವೂ ಅವರು 2017 ಮತ್ತು 2018ರ ವಿಶ್ವ ಚಾಂಪಿಯನ್‌ಷಿಪ್‌ಗಳ ಫೈನಲ್‌ಗಳನ್ನು ಸೋತು, ಫೈನಲ್ ಎಂದರೆ ಹೆದರುತ್ತಾರೆಂಬ ಮಾತು ಕೇಳಬೇಕಾಯಿತು. 2019ರಲ್ಲಿ ಬಾಸೆಲ್‌ನಲ್ಲಿ ಜಪಾನಿನ ನೊಜೊಮಿ ಒಕುಹಾರ ಅವರನ್ನು 21-7, 21-7ರಿಂದ ಸೋಲಿಸಿದ ಮೇಲೆ ಆ ಮಾತು ನಿಂತಿತು.

ಆದರೆ ಇಡೀ ಯಶಸ್ಸನ್ನು ಒಬ್ಬ ಗುರುವಿನ ಹೆಸರಿಗೆ ಬರೆಯುವುದು ಚರಿತ್ರೆಗೆ ಅಪಚಾರ. 2014ರಲ್ಲಿ ಗಚ್ಚಿಬೌಲಿ ಬಿಟ್ಟ ಸೈನಾ ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಅವರ ಬಳಿ ಕಲಿತು 2015ರಲ್ಲಿ ವಿಶ್ವದ ಅಗ್ರ ಶ್ರೇಯಾಂಕ ಪಡೆದರು. 2022ರಲ್ಲಿ ಬ್ಯಾಂಕಾಕಿನಲ್ಲಿ ಇಂಡೊನೇಷ್ಯಾವನ್ನು 3-0ಯಿಂದ ಸೋಲಿಸಿ ಥಾಮಸ್ ಕಪ್, ಅಂದರೆ ಪುರುಷರ ತಂಡಗಳ ವಿಶ್ವ ಕಿರೀಟ, ಗೆದ್ದ ಬಳಗದಲ್ಲಿ ಬೆಂಗಳೂರಿನಲ್ಲಿ ಬೆಳೆದ ಲಕ್ಷ್ಯ ಸೇನ್ ಹಾಗೂ ಗಚ್ಚಿಬೌಲಿಯ ಕಿದಂಬಿ ಶ್ರೀಕಾಂತ್ ಇಬ್ಬರೂ ಇದ್ದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ತಂಡ ಬರಿಗೈಯಲ್ಲಿ ಮರಳಿದಾಗ ಹಳೆಯ ವಾದ ಹೊಸ ರೂಪದಲ್ಲಿ ಎದ್ದಿತು. ಸರ್ಕಾರ, ಫೆಡರೇಷನ್‌ಗಳು ಮಾಡಬೇಕಾದುದನ್ನು ಮಾಡಿವೆ, ಇನ್ನು ಆಟಗಾರರು ಹೊಣೆ ಹೊರಬೇಕು ಎಂದವರು ಪ್ರಕಾಶ್ ಪಡುಕೋಣೆ. ಗೆದ್ದಾಗ ಹಿರಿಮೆಗೆ ಎಲ್ಲರೂ ಪಾಲುದಾರರು, ಸೋತಾಗ ಆಟಗಾರರೊಬ್ಬರೇ ಹೊಣೆಗಾರರೇ ಎಂದು ಕೇಳಿದವರು ಕೊಡವ ಮೂಲದ ಆಟಗಾರ್ತಿ ಅಶ್ವಿನಿ ಪೊನ್ನಪ್ಪ. ತಮಗೆ ಕೋಟಿಗೂ ಮೀರಿದ ನೆರವು ಸಂದಿದೆಯೆಂಬ ಸರ್ಕಾರಿ ಲೆಕ್ಕವನ್ನೂ ಅವರು ಒಪ್ಪಲಿಲ್ಲ. ಪ್ರಕಾಶ್ ಅವರ ಮಾತು ಹಿಂದಿನ ನೆಪಗಳ ಮಟ್ಟಿಗೆ ಸರಿ. ಇಂದಿನ ಕೊರತೆ ಯಾವುದು, ಯಾರದು ಎಂಬ ಪ್ರಶ್ನೆಯಲ್ಲಿ ಅಶ್ವಿನಿ ಅವರ ಸವಾಲಿಗೆ ಇನ್ನೂ ತೃಪ್ತಿಕರ ಉತ್ತರ ಬರಬೇಕಾಗಿದೆ.