ಬೆವರಿನ ಬೆಲೆ ಕಟ್ಟುವವರು ಯಾರು?



ಕೂಲಿಗಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಟ್ಟುಬಿಡಿ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದು ನಮ್ಮ ಮಕ್ಕಳಿಗೂ ಗೊತ್ತು. ಇಬ್ನುಮಾಜಾದಲ್ಲಿರುವ ಆ ಹದೀಸ್ ಕೂಲಿಯನ್ನು ಯಾವಾಗ ಕೊಡಬೇಕು ಎಂಬುದನ್ನು ಹೇಳುತ್ತದೆ. ಎಷ್ಟು ಕೊಡಬೇಕು, ಆ ಮೊತ್ತವನ್ನು ಯಾರು ತೀರ್ಮಾನಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ನಮ್ಮ ಕೋಲಾರದ ನೆಲದಲ್ಲೇ ಆ ಇತಿಹಾಸವಿದೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿತು. 1902ರ ಹೊತ್ತಿಗೆ ಶಿವನಸಮುದ್ರದಿಂದ ವಿದ್ಯುತ್ ಬಂತು. ಇಂಗ್ಲೆಂಡಿನಿಂದ ಬಂದ ಷೇರುದಾರರ ಹಣ, ಮೈಸೂರು ಸಂಸ್ಥಾನದ ಕರೆಂಟು, ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ಬಡವರ ಮೈಬಲ ಇವು ಮೂರೂ ಸೇರಿ ಚಿನ್ನ ಮೇಲೆ ಬಂತು. ಆದರೆ ಮೂರಕ್ಕೂ ಒಂದೇ ನ್ಯಾಯ ಸಿಗಲಿಲ್ಲ. ಹೆಚ್ಚಿನ ಕಾರ್ಮಿಕರು ಗುತ್ತಿಗೆದಾರರ ಕೈಕೆಳಗಿದ್ದರು. ಒಂದೇ ಗಣಿಯೊಳಗೆ ಯುರೋಪಿಯನ್ನರಿಗೆ ಒಂದು ಸಂಬಳ, ನಮ್ಮವರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಕೂಲಿ. ಎಷ್ಟು ಕೊಡಬೇಕೆಂದು ಹೇಳುವ ಕಾನೂನೂ ಇರಲಿಲ್ಲ, ಕೇಳುವ ಸಂಘವೂ ಇರಲಿಲ್ಲ.

1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡುವ ಪದ್ಧತಿ ಬಂದಾಗ, ಕಳ್ಳರಂತೆ ನಮ್ಮನ್ನು ಕಾಣುತ್ತೀರಾ ಎಂದು ಸಾವಿರಾರು ಜನ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 1940ರ ದಶಕದ ಆರಂಭದಲ್ಲಿ. ಅದಾದ ಮೇಲೂ ದಾರಿ ಸುಲಭವಾಗಲಿಲ್ಲ. 1946ರ ನವೆಂಬರಿನಲ್ಲಿ ಗಣಿ ಪ್ರದೇಶದಲ್ಲಿ ಗೋಲಿಬಾರ್ ನಡೆದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹೊಟ್ಟೆ ಹಸಿದವನೂ ಖಜಾನೆ ತುಂಬಿದವನೂ ಎದುರುಬದುರು ಕುಳಿತು ಕೂಲಿ ಮಾತಾಡಿದರೆ ಅದು ಸಮಾನರ ಮಾತುಕತೆ ಆಗುವುದಿಲ್ಲ. ಕೋಲಾರದ ಗಣಿ ಕಲಿಸಿದ ಪಾಠ ಇದೇ.

ಅದೇ 1946ರಲ್ಲಿ ಕೇಂದ್ರ ಸರ್ಕಾರದ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು ಕನಿಷ್ಠ ಕೂಲಿ ಮಸೂದೆಯನ್ನು ದೆಹಲಿಯ ಶಾಸನಸಭೆಯಲ್ಲಿ ಮಂಡಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಅದು ಕಾಯ್ದೆಯಾಯಿತು. ಎಲ್ಲ ಕಸುಬುಗಳನ್ನೂ ಅದು ಒಮ್ಮೆಗೇ ಹಿಡಿಯಲಿಲ್ಲ. ಕಾರ್ಮಿಕರು ಚದುರಿಹೋಗಿರುವ, ಕೇಳುವವರಿಲ್ಲದ ಕಸುಬುಗಳ ಪಟ್ಟಿಯೊಂದನ್ನು ಮಾಡಿತು. ಬೀಡಿ, ಚರ್ಮ ಹದ ಮಾಡುವುದು, ಅಕ್ಕಿ ಗಿರಣಿ, ಕಲ್ಲು ಒಡೆಯುವುದು, ಕಟ್ಟಡ ಕೆಲಸ, ಬೇಸಾಯ ಇವೆಲ್ಲ ಮೊದಲ ಪಟ್ಟಿಯಲ್ಲೇ ಇದ್ದವು. ನಮ್ಮ ಸಮುದಾಯದ ಎಷ್ಟು ಮನೆಗಳ ಒಲೆ ಈ ಕಸುಬುಗಳಿಂದ ಉರಿಯುತ್ತದೆ ಎಂದು ಯೋಚಿಸಿ ನೋಡಿ.

ಕೂಲಿ ನಿಗದಿಗೆ ಕಾಯ್ದೆ ಎರಡು ದಾರಿ ಇಟ್ಟಿತು. ಮಾಲೀಕರು, ಕಾರ್ಮಿಕರು ಸಮ ಸಂಖ್ಯೆಯಲ್ಲಿ ಕೂತು, ಜೊತೆಗೆ ಯಾರ ಕಡೆಗೂ ಸೇರದ ಕೆಲವರು ಇರುವ ಸಮಿತಿಯ ಸಲಹೆ ಪಡೆಯುವುದು ಒಂದು. ಸರ್ಕಾರವೇ ಗೆಜೆಟ್ಟಿನಲ್ಲಿ ಪ್ರಸ್ತಾವ ಪ್ರಕಟಿಸಿ, ಆಕ್ಷೇಪಣೆ ಕೇಳಿ ತೀರ್ಮಾನಿಸುವುದು ಇನ್ನೊಂದು. ಐದು ವರ್ಷದೊಳಗೆ ದರ ಮತ್ತೆ ಪರಿಶೀಲಿಸಬೇಕು. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರಬೇಕು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕಕ್ಕೆ ಒಂದು ಅಳತೆ ಕೊಟ್ಟಿತು: ದುಡಿಯುವವನ ಕುಟುಂಬವನ್ನು ಮೂರು ಪಾಲೆಂದು ಹಿಡಿದು ಒಬ್ಬರಿಗೆ ದಿನಕ್ಕೆ 2700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವುಗಳಿಗೂ ಪಾಲು ಸೇರಿಸಬೇಕೆಂದಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು 1982ರಲ್ಲೇ ಅದು ತೀರ್ಪು ಕೊಟ್ಟಿತ್ತು.

ಈಗ ಒಂದು ಸಂದೇಹ. ಮದೀನಾದಲ್ಲಿ ಬೆಲೆ ಏರಿದಾಗ ಸಹಾಬಿಗಳು ದರ ಕಟ್ಟಿಕೊಡಿ ಎಂದು ಕೇಳಿದ್ದರು. ಪ್ರವಾದಿ(ಸ) ಒಪ್ಪಲಿಲ್ಲ, ದರ ನಿರ್ಧರಿಸುವವನು ಅಲ್ಲಾಹನು ಎಂದರು. ಹಾಗಾದರೆ ಸರ್ಕಾರ ಕೂಲಿ ಕಟ್ಟುವುದು ಶರೀಅತ್ತಿಗೆ ಒಪ್ಪಿಗೆಯೇ ಎಂದು ಕೆಲವು ವ್ಯಾಪಾರಿ ಮಿತ್ರರು ಕೇಳುವುದುಂಟು. ಡಮಾಸ್ಕಸ್ಸಿನಲ್ಲಿ 1328ರಲ್ಲಿ ತೀರಿಕೊಂಡ ಇಮಾಮ್ ಇಬ್ನು ತೈಮಿಯ್ಯಾ(ರಹ್) ಇದಕ್ಕೆ ಆಗಲೇ ಉತ್ತರಿಸಿದ್ದಾರೆ. ಸರಕಿನ ಕೊರತೆಯಿಂದ, ಯಾರ ಮೋಸವೂ ಇಲ್ಲದೆ ಬೆಲೆ ಏರಿದರೆ ಕೈಹಾಕಬಾರದು. ಒಬ್ಬರು ಇನ್ನೊಬ್ಬರ ಅಸಹಾಯಕತೆಯನ್ನು ಹಿಂಡುತ್ತಿದ್ದರೆ ನ್ಯಾಯದ ದರ ಕಟ್ಟುವುದು ಆಳುವವರ ಕರ್ತವ್ಯ. ರೈತ, ನೇಕಾರ, ಗಾರೆಯವನ ದುಡಿಮೆಗೂ ಇದೇ ನಿಯಮ. ಅದನ್ನು ಫಿಕ್ಹ್‌ನಲ್ಲಿ ಉಜ್ರತುಲ್ ಮಿಸ್ಲ್ ಎನ್ನುತ್ತಾರೆ, ಅಂದರೆ ಅಂಥ ಕೆಲಸಕ್ಕೆ ಸಲ್ಲುವ ಸಮಾನ ಕೂಲಿ. ಕೂಲಿ ಎಷ್ಟೆಂದು ಮೊದಲೇ ಹೇಳದೆ ದುಡಿಸಿಕೊಂಡರೆ ಆ ಒಪ್ಪಂದವೇ ಕೆಟ್ಟದ್ದು. ಆಗಲೂ ಸಮಾನ ಕೂಲಿ ಕೊಡಲೇಬೇಕು.

ಬೀಡಿ ಸುತ್ತುವ ತಾಯಂದಿರ ಮಾತು ವಿಶೇಷವಾಗಿ ಹೇಳಬೇಕು. ಎಲೆ, ತಂಬಾಕು ಮನೆಗೆ ಬರುತ್ತದೆ, ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಮನೆಯಲ್ಲಿ ಕೂತು ಮಾಡುವ ಕೆಲಸ ನೌಕರಿಯಲ್ಲ ಎಂದು ಮಾಲೀಕರು ವಾದಿಸಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರೆಂದೇ ಕರೆಯಿತು. ಮಂಗಳೂರು ಗಣೇಶ್ ಬೀಡಿಯ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಎಲೆ ಕಡಿಮೆ ತೂಗಿಕೊಟ್ಟು, ಕಟ್ಟು ಪೂರ್ತಿ ಕೇಳಿ, ಚೆನ್ನಾಗಿಲ್ಲವೆಂದು ತೆಗೆದಿಟ್ಟ ಬೀಡಿಯನ್ನೂ ಕೂಲಿ ಕೊಡದೆ ಇಟ್ಟುಕೊಳ್ಳುವ ಗುತ್ತಿಗೆದಾರನಿದ್ದರೆ ಅವನು ಸೂರಃ ಮುತಫ್ಫಿಫೀನ್ ಓದಲಿ. ತಾನು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ಬೀಡಿ ಸುತ್ತುವವಳು ನಮಾಜಿನಲ್ಲಿ ನಮ್ಮದೇ ಸಾಲಿನ ಹಿಂದೆ ನಿಲ್ಲುವ ಸಹೋದರಿ ಎಂಬುದನ್ನೂ ಮರೆಯದಿರಲಿ.

ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊರರಾಜ್ಯಗಳಿಂದ ಸಂಸಾರ ಸಮೇತ ಬರುವವರು, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿಗೆ ಲೋಡು ಹೊರುವವರು, ಕೋಲಾರ, ಮುಳಬಾಗಿಲಿನ ಹೋಟೆಲು, ಗ್ಯಾರೇಜು, ಅಂಗಡಿಗಳ ಹುಡುಗರು ಇವರೂ ಕಾರ್ಮಿಕರೇ. ಮುಂಗಡ ಕೊಟ್ಟು, ಅದು ತೀರುವ ತನಕ ಹೋಗಬೇಡ ಎಂದು ಹಿಡಿದಿಟ್ಟರೆ ಅದು ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿ, ಆ ಸಾಲವನ್ನೂ ಅಳಿಸಿಹಾಕಿದೆ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಪಟ್ಟಿಯಲ್ಲಿರುವ ಕಸುಬು, ಇಲ್ಲದ ಕಸುಬು ಎಂಬ ಭೇದ ಹೋಗಿ ಕನಿಷ್ಠ ಕೂಲಿ ಎಲ್ಲರ ಹಕ್ಕಾಗಿದೆ. ಕೇಂದ್ರ ಕಟ್ಟುವ ತಳಮಟ್ಟದ ದರಕ್ಕಿಂತ ಯಾವ ರಾಜ್ಯವೂ ಕೆಳಗಿಳಿಯುವಂತಿಲ್ಲ. ದಿನಗೂಲಿಯನ್ನು ಪಾಳಿ ಮುಗಿಯುವಾಗ, ವಾರದ ಕೂಲಿಯನ್ನು ಆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದು. ಬೆವರು ಆರುವ ಮುನ್ನ ಎಂಬ ಮಾತಿಗೆ ದೇಶದ ಕಾನೂನು ತಾರೀಖು ಹಾಕಿಕೊಟ್ಟಂತಾಗಿದೆ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೂಲಿಯ ಲೆಕ್ಕ ಮಾತ್ರ ಮುಚ್ಚುವಂಥದ್ದಲ್ಲ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ತಾನೇ ವಾದಿಯಾಗುವೆನೆಂದು ಅಲ್ಲಾಹನು ಹೇಳಿರುವುದು ಬುಖಾರಿಯ ಹದೀಸಿನಲ್ಲಿದೆ. ಆದ್ದರಿಂದ ಕೆಲಸ ಕೊಡುವವರು ಈ ಜುಮಾದಿಂದಲೇ ಒಂದು ಪುಸ್ತಕ ಇಡಿ: ಕೆಲಸದವರ ಹೆಸರು, ಒಪ್ಪಿದ ಕೂಲಿ, ಕೊಟ್ಟ ದಿನ. ಮಸೀದಿ ಕಮಿಟಿಗಳೂ ತಮ್ಮ ಮುಅಝ್ಝಿನ್, ಕಸ ಗುಡಿಸುವವರ ಸಂಬಳವನ್ನು ಸರ್ಕಾರದ ದರದೊಂದಿಗೆ ಹೋಲಿಸಿ ನೋಡಲಿ. ದುಡಿಯುವವರು ತಮ್ಮ ಕಸುಬಿನ ದರವೆಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಹಕ್ಕು ಕೇಳುವುದು ಭಿಕ್ಷೆಯಲ್ಲ.

ಕೊಡುವ ಕೈಗೆ ನ್ಯಾಯವನ್ನೂ ದುಡಿಯುವ ಕೈಗೆ ಬರಕತ್ತನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.