ಅಳೆಯುವವರ ಜೀವ ಯಾರ ಹೊಣೆ?

ಹೈದರಾಬಾದಿನಲ್ಲಿದ್ದು ಕೋಠಿಗೆ ಹೋಗದ ಕನ್ನಡ ಮನೆತನ ಸಿಗಲಾರದು. ಮಕ್ಕಳಿಗೆ ಹಳೆಯ ಪಠ್ಯಪುಸ್ತಕ ಹುಡುಕಲೋ, ಸುಲ್ತಾನ್ ಬಜಾರಿನಲ್ಲಿ ಸೀರೆ ನೋಡಲೋ, ಬಸ್ಸು ಬದಲಿಸಲೋ ನಾವೆಲ್ಲ ಅಲ್ಲಿ ಇಳಿದವರೇ. ಅಲ್ಲಿಯ ಮಹಿಳಾ ವಿಶ್ವವಿದ್ಯಾಲಯದೊಳಗೆ (ಮೊದಲಿನ ಮಹಿಳಾ ಕಾಲೇಜು) ಎತ್ತರದ ಕಂಬಗಳ ಕಟ್ಟಡವೊಂದಿದೆ. ಅದು ಹಿಂದಿನ ಬ್ರಿಟಿಷ್ ರೆಸಿಡೆನ್ಸಿ. ಅದನ್ನು ಕಟ್ಟಿಸಿದ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನೀಸಾ ಇವರ ಪ್ರೇಮಕಥೆಯನ್ನು ಬಲ್ಲವರು ಬಹಳ. ಆದರೆ ಅದೇ ಕಾಲದಲ್ಲಿ ಇದೇ ಊರಿನಿಂದ ಭೂಮಿ ಅಳೆಯಲು ಹೋಗಿ, ಡೋಲಿಯಲ್ಲಿ ಹಿಂತಿರುಗಿದವರ ಕಥೆಯನ್ನು ಹೇಳುವವರು ಕಡಮೆ. ಈ ತಿಂಗಳು ಅದನ್ನು ಹೇಳೋಣವೆಂದಿದ್ದೇವೆ.

ಕಥೆಯ ಮೊದಲ ತುದಿ ನಮ್ಮ ನಾಡಿನಲ್ಲಿಯೇ ಇದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಹೆಚ್ಚಿನ ಒಂದು ಆಧಾರರೇಖೆಯನ್ನು ಅಳೆದನು. ತ್ರಿಕೋಣದ ಒಂದು ಬಾಹುವನ್ನು ನೆಲದ ಮೇಲೆ ಸರಿಯಾಗಿ ಅಳೆದುಕೊಂಡರೆ, ಉಳಿದೆರಡನ್ನು ಕೋನಗಳಿಂದಲೇ ಲೆಕ್ಕ ಹಾಕಬಹುದು. ಹೈಸ್ಕೂಲಿನಲ್ಲಿ ನಾವೆಲ್ಲರೂ ಮಾಡಿದ ಲೆಕ್ಕವೇ ಅದು. ಹೀಗೆ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋಣ ಜೋಡಿಸುತ್ತ ಹೋಗಿ, ದೇಶವನ್ನೇ ಬಲೆಯೊಳಗೆ ಹಿಡಿಯುವ ಯೋಜನೆ. 1815ರಲ್ಲಿ ಬೀದರಿನ ಹತ್ತಿರ ಇನ್ನೊಂದು ಆಧಾರರೇಖೆ ಬಿತ್ತು. 1818ರಿಂದ ಇದಕ್ಕೆ ಮಹಾ ತ್ರಿಕೋಣಮಿತೀಯ ಮೋಜಣಿ ಎಂಬ ದೊಡ್ಡ ಹೆಸರಾಯಿತು. ಅದೇ ಹೊತ್ತಿಗೆ ಲ್ಯಾಂಬ್ಟನ್ನನ ಕೈಕೆಳಗೆ ಜಾರ್ಜ್ ಎವರೆಸ್ಟ್ ಎಂಬ ತರುಣ ಹೈದರಾಬಾದಿಗೆ ಬಂದನು. ಶಿಖರಕ್ಕೆ ಹೆಸರಾದ ಎವರೆಸ್ಟ್ ಇವನೇ.

ಅವರ ಮುಖ್ಯ ಯಂತ್ರ ದೊಡ್ಡ ಥಿಯೊಡೊಲೈಟ್. ಸುಮಾರು ಅರ್ಧ ಟನ್ ತೂಕ. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ಕೆಟ್ಟಿತು. ಲ್ಯಾಂಬ್ಟನ್ ಆರು ವಾರ ಡೇರೆಯಲ್ಲಿ ಕುಳಿತು ಅದನ್ನು ತಟ್ಟಿ ತಿದ್ದಿ ಸರಿಮಾಡಿದನೆಂದು ಪುಸ್ತಕಗಳೆಲ್ಲ ಕೊಂಡಾಡುತ್ತವೆ. ಹಗ್ಗ ಎಳೆಯುತ್ತಿದ್ದವರಿಗೆ ಏನಾಯಿತೆಂದು ನಾವು ಓದಿದ ಯಾವ ಪುಸ್ತಕದಲ್ಲಿಯೂ ಇಲ್ಲ.

1819ರಲ್ಲಿ ಎವರೆಸ್ಟನಿಗೆ ಕೃಷ್ಣಾ-ಗೋದಾವರಿಗಳ ನಡುವಣ ಪ್ರದೇಶದ ಕೆಲಸ ಒಪ್ಪಿಸಲಾಯಿತು. ಹೊರಟದ್ದು ಮಳೆಗಾಲದಲ್ಲಿ. ಇದು ಅಚಾತುರ್ಯವಲ್ಲ, ಬೇಕೆಂದೇ ಮಾಡಿದ್ದು. ಬೇಸಿಗೆಯಲ್ಲಿ ಧೂಳೂ ಕಾವೂ ಸೇರಿ ದೂರದ ಗುಡ್ಡದ ಮೇಲಿನ ಬಾವುಟ ಕಾಣುವುದಿಲ್ಲ. ಮಳೆ ಬಂದು ಗಾಳಿ ತೊಳೆದ ಮೇಲೆ ಮೂವತ್ತು ನಲವತ್ತು ಮೈಲಿ ನಿಚ್ಚಳವಾಗುತ್ತದೆ. ಯಂತ್ರದ ಕಣ್ಣಿಗೆ ಒಳ್ಳೆಯದಾದ ಋತುವೇ ಕಾಡಿನಲ್ಲಿ ಜ್ವರದ ಋತು. ಊರಿನ ಜನಕ್ಕೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆ ಪ್ರಯಾಣದಲ್ಲಿ ಬೆಂಗಾವಲಿನವರು ತಿರುಗಿಬಿದ್ದರು. ಎವರೆಸ್ಟ್ ತನ್ನ ಕಾವಲುಗಾರರಿಗೆ ಬಂದೂಕು ತುಂಬಲು ಹೇಳಿ, ತಿರುಗಿಬಿದ್ದವರಲ್ಲಿ ಕೆಲವರಿಗೆ ಹೊಡೆಸಿ, ದಂಗೆಯನ್ನು ಅಡಗಿಸಿದನು. ತಂಡ ಮುಂದೆ ನಡೆಯಿತು.

ಯೆಲ್ಲಾಪುರಂ ಎಂಬಲ್ಲಿಯ ಕಾಡಿನಲ್ಲಿ ಜ್ವರ ಹಿಡಿಯಿತು. ಸುಮಾರು 150 ಜನರ ತಂಡ ಹೆಚ್ಚು ಕಡಿಮೆ ಇಡಿಯಾಗಿ ಮಲಗಿತು. ಎವರೆಸ್ಟ್ ಮಲಗಿದ. ತಂಡದೊಡನೆ ಇದ್ದ ವಾಯ್ಸಿ ಎಂಬ ವೈದ್ಯನೂ ಮಲಗಿದ. ಈ ವಾಯ್ಸಿಯ ಹುದ್ದೆ ಸ್ವಾರಸ್ಯವಾದದ್ದು. ಸರ್ಕಾರ ಅವನನ್ನು ನೇಮಿಸಿದ್ದು ವೈದ್ಯ ಮತ್ತು ಭೂವಿಜ್ಞಾನಿ ಎಂದು, ಎರಡೂ ಕೆಲಸಕ್ಕೆ. ನಾಡಿಯೂ ಅವನೇ ನೋಡಬೇಕು, ಕಲ್ಲೂ ಅವನೇ ನೋಡಬೇಕು. ಚರಿತ್ರೆಯಲ್ಲಿ ಅವನು ಉಳಿದಿರುವುದು ಕಲ್ಲು ನೋಡಿದ್ದರಿಂದ. ಹೈದರಾಬಾದಿಗೆ ಸುದ್ದಿ ಮುಟ್ಟಿದ ಮೇಲೆ ಇಲ್ಲಿಂದ ಆನೆ, ಪಲ್ಲಕ್ಕಿ, ಡೋಲಿಗಳನ್ನು ಕಳಿಸಿ ಎಲ್ಲರನ್ನೂ ಹೊತ್ತು ತರಲಾಯಿತು. ಅಷ್ಟರಲ್ಲಿ ಹದಿನೈದು ಜನ ಸತ್ತಿದ್ದರು. ಎವರೆಸ್ಟ್ ಚೇತರಿಕೆಗಾಗಿ 1820ರಲ್ಲಿ ಆಫ್ರಿಕಾದ ಕೇಪ್‌ಗೆ ಹೋದನು. ಖಲಾಸಿಗಳೂ ಬೋಯಿಗಳೂ ಚೇತರಿಸಿಕೊಳ್ಳಲು ಎಲ್ಲಿಗೆ ಹೋದರೋ.

ಆ ಕಾಲದವರಿಗೆ ಜ್ವರದ ಕಾರಣ ತಿಳಿದಿರಲಿಲ್ಲ ಎಂದು ಅವರ ಪರವಾಗಿ ಹೇಳಬಹುದು. ಕೊಳೆತ ಎಲೆಯ ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರೂ ನಂಬಿದ್ದರು. ಕ್ವಿನೈನನ್ನು ಪ್ಯಾರಿಸ್ಸಿನಲ್ಲಿ ಬೇರ್ಪಡಿಸಿದ್ದು 1820ರಲ್ಲಿ, ಈ ಸಾವುಗಳಾದ ಮರುವರ್ಷ. ಲಕ್ಷಣ ನೋಡಿದರೆ ಅದು ಬಹುಶಃ ಮಲೇರಿಯವೇ. ಆ ಮಲೇರಿಯದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಕೋಠಿಯಿಂದ ಒಂದು ಬಸ್ಸಿನ ದಾರಿ. ಡೋಲಿಗಳು ಬಂದ ಊರಿಗೆ ಉತ್ತರವೂ ಬಂತು, ಆದರೆ 78 ವರ್ಷ ತಡವಾಗಿ.

ಆದರೂ ಈ ವಾದ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾರಣ ತಿಳಿಯದಿದ್ದರೂ ಕಾಲ ತಿಳಿದಿತ್ತು. ಯಾವ ತಿಂಗಳಲ್ಲಿ ಯಾವ ಕಾಡು ಕೊಲ್ಲುತ್ತದೆಂದು ಹೇಳಲು ಸೂಕ್ಷ್ಮದರ್ಶಕ ಬೇಕಿಲ್ಲ. ಹಾಗೆ ನೋಡಿದರೆ ಉಪಾಯ ಹುಡುಕಿದವನೂ ಎವರೆಸ್ಟನೇ. ಕೇಪ್‌ನಿಂದ ಹಿಂತಿರುಗಿದ ಮೇಲೆ ಅವನು ಹಗಲಿನ ಬಾವುಟಕ್ಕೆ ಬದಲಾಗಿ ರಾತ್ರಿಯ ದೀಪಗಳನ್ನು ನೋಡತೊಡಗಿದನು. ರಾತ್ರಿ ನೆಲದ ಸಮೀಪದ ಗಾಳಿ ತಂಪಾಗಿ ಬೆಳಕಿನ ಕಿರಣ ಬಾಗುವುದರಿಂದ, ಹಗಲು ಕಾಣದ ಠಾಣೆಯೂ ದೀಪವಾಗಿ ಮೇಲೆದ್ದು ಕಾಣುತ್ತದೆ. ಮುಂದೆ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ತೋರಿಸುವ ಹೀಲಿಯೊಟ್ರೋಪ್ ಸಹ ಬಂತು. ಹೀಗಾಗಿ ಒಣ ಋತುವಿನಲ್ಲಿಯೂ ಮೋಜಣಿ ಸಾಧ್ಯವಾಯಿತು. ಇದನ್ನು ಅವನು ಕೂಲಿಗಳ ಮೇಲಿನ ಮರುಕದಿಂದ ಮಾಡಿದನೆಂದು ನಾವು ಹೇಳಲಾರೆವು. ತನ್ನ ಜ್ವರವೂ ಅಳತೆಯ ನಿಖರತೆಯೂ ಅವನಿಗೆ ಮುಖ್ಯವಾಗಿದ್ದಿರಬೇಕು. ಆದರೂ ಲೆಕ್ಕಕ್ಕೆ ಬರುವುದು ಫಲ. ಹಿಂದಿನ ಹದಿನೈದು ಸಾವುಗಳಿಗೆ ವಿಧಿ ಮಾತ್ರ ಕಾರಣವಲ್ಲ, ಕೆಲಸದ ಪದ್ಧತಿಯೂ ಕಾರಣ ಎಂಬುದನ್ನು ಆ ದೀಪಗಳು ತೋರಿಸಿಕೊಟ್ಟವು. ಪದ್ಧತಿಯನ್ನು ಗೊತ್ತುಮಾಡುವವನು ಸರಪಳಿ ಹಿಡಿದವನಲ್ಲವಷ್ಟೆ. (ಇಷ್ಟಾದರೂ ಮುಂದೆ ಹಿಮಾಲಯದ ಬುಡದ ತರಾಯಿಯಲ್ಲಿ ಮೋಜಣಿಯ ಜನ ಮತ್ತೆ ಜ್ವರಕ್ಕೆ ತುತ್ತಾದರು.)

ಲ್ಯಾಂಬ್ಟನ್ ಹೈದರಾಬಾದಿನಿಂದ ನಾಗಪುರದ ಕಡೆ ಹೊರಟು, 1823ರ ಜನವರಿ 20ರಂದು ಹಿಂಗಣಘಾಟಿನಲ್ಲಿ ತೀರಿಕೊಂಡನು. ಮರುವರ್ಷ ವಾಯ್ಸಿಯೂ ಹೋದನು. ಲ್ಯಾಂಬ್ಟನ್ ಸತ್ತು ಸರಿಯಾಗಿ ನೂರು ವರ್ಷಕ್ಕೆ, 1923ರಲ್ಲಿ, ಕೆಲಸದಲ್ಲಿ ಗಾಯಗೊಂಡ ಇಲ್ಲವೇ ಸತ್ತ ಕಾರ್ಮಿಕನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ ಬಂತು. ಅದು ಆದ ಮೇಲೆ ಕೊಡುವ ಹಣದ ಮಾತು. ಆಗದಂತೆ ನೋಡಿಕೊಳ್ಳುವ ಹೊಣೆ ಕಾರ್ಖಾನೆ, ಗಣಿ, ಹಡಗುಕಟ್ಟೆಗಳಿಗೆ ಒಂದೊಂದಾಗಿ ಬಂತು. ಟೇಪು ಹಿಡಿದು ಊರೂರು, ಮನೆಮನೆ ಅಲೆಯುವವನಿಗೆ ಕಾರ್ಖಾನೆಯೆಲ್ಲಿ?

ಕೋಠಿಗೇ ಮರಳೋಣ. ಜಗತ್ತಿನಲ್ಲಿ ಅಪಾಯಕ್ಕೊಳಗಾದ ಸ್ಮಾರಕಗಳ ಪಟ್ಟಿಯಲ್ಲಿ ರೆಸಿಡೆನ್ಸಿಯ ಹೆಸರು 2002ರಲ್ಲಿ ಸೇರಿತು. ಈಗ ಜೀರ್ಣೋದ್ಧಾರವಾಗಿದೆ. ಆದರೆ ಅದಕ್ಕಿಂತ ಮೊದಲು ಯಾರಾದರೂ ಆ ಶಿಥಿಲ ಛಾವಣಿಯ ಕೆಳಗೆ ನಿಂತು ಬಿರುಕುಗಳನ್ನು ಅಳೆಯಲೇಬೇಕಾಗಿತ್ತಲ್ಲವೇ? ಕಟ್ಟಡ ಮೋಜಣಿದಾರನ ಕೆಲಸದ ತೊಡಕು ಇದೇ. ಎಲ್ಲರೂ ಹೊರಗೆ ಬಂದ ಮೇಲೆ ಅವನು ಒಳಗೆ ಹೋಗಬೇಕು. ಪ್ರತಿ ಮಳೆಗಾಲಕ್ಕೂ ಈ ಊರಿನಲ್ಲಿ ಹಳೆಯ ಮನೆಗಳಿಗೆ ಅಪಾಯದ ನೋಟೀಸು ಅಂಟಿಸುತ್ತಾರೆ. ಅಪಾಯವೆಂದು ಗೊತ್ತುಮಾಡಲು ಮೊದಲು ಒಬ್ಬ ಒಳಗೆ ಹೋಗಿ ಬಂದಿರುತ್ತಾನೆ.

ನಮಗೆ ಪರಿಚಯದ ಮೋಜಣಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಸರ್ಕಾರಿ ಕಚೇರಿಯ ಪರವಾಗಿ ಹಳೆಯ ಮಹಡಿ ಮನೆಯೊಂದನ್ನು ಅಳೆಯಲು ಹೋಗಿದ್ದರು. ಮೇಲಂತಸ್ತಿನ ಹಲಗೆ ಮುರಿದು ಒಂದು ಕಾಲು ತೊಡೆಯವರೆಗೆ ಇಳಿಯಿತು. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಹುಡುಗ ಎಳೆದು ತೆಗೆದ. ಕಡತದಲ್ಲಿ ಮೇಲಧಿಕಾರಿ ಬರೆದದ್ದು ಒಂದೇ ವಾಕ್ಯ: ಅಳತೆ ಅಪೂರ್ಣ, ಪುನಃ ಹೋಗತಕ್ಕದ್ದು. ಹಲಗೆಯ ಪ್ರಸ್ತಾಪವಿಲ್ಲ. ಕಡತ ಬರೆಯುವ ಜಾತಿಯವರೇ ಆದ ನಮಗೆ ಆ ವಾಕ್ಯದ ಗುರುತು ಚೆನ್ನಾಗಿ ಹತ್ತಿತು.

ಈಗ ಹೊಸ ಕಾನೂನು ಬಂದಿದೆ. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ವೃತ್ತಿ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಕೆಲಸದ ಜಾಗವನ್ನು ಅಪಾಯರಹಿತವಾಗಿಡುವುದು ಮಾಲೀಕನ ಹೊಣೆ. ತನ್ನ ಜೊತೆಯವರ ಸುರಕ್ಷತೆಯನ್ನು ನೋಡಿಕೊಳ್ಳುವುದು ಕೆಲಸಗಾರನದೂ ಹೊಣೆ. ಪ್ರಾಣಾಪಾಯ ಎದುರಿಗಿದೆ ಎಂದು ಅನುಮಾನ ಬಂದರೆ ಕೆಲಸಗಾರ ಅದನ್ನು ಮಾಲೀಕನಿಗೂ ಇನ್ಸ್‌ಪೆಕ್ಟರಿಗೂ ತಿಳಿಸಬಹುದು. 1819ರ ಬೆಂಗಾವಲಿನವರಿಗೆ ಏಟು ಬಿದ್ದುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಅದೇ ಸಂಹಿತೆಯ ಮೊದಲ ಪುಟಗಳಲ್ಲಿಯೇ, ಇದು ಕೇಂದ್ರ ಸರ್ಕಾರದ ಮತ್ತು ರಾಜ್ಯ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವುದಿಲ್ಲ ಎಂದಿದೆ. ನಮ್ಮ ಜೊತೆಗೆ ಯುದ್ಧನೌಕೆಗಳನ್ನೂ ಬಿಟ್ಟಿದ್ದಾರೆ. ಆ ಕಚೇರಿಗಳಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಮಾತ್ರ ಅನ್ವಯವಾಗುತ್ತದೆ. ಈ ಪುಟವನ್ನು ನಾವು ನಮ್ಮ ಪರಿಚಯದ ಮೋಜಣಿದಾರರಿಗೆ ತೋರಿಸಿದೆವು. ಅವರು ಎರಡು ಸಲ ಓದಿ, ಅಂದು ತಮ್ಮನ್ನು ಎಳೆದು ತೆಗೆದ ಹುಡುಗ ಗುತ್ತಿಗೆಯವನೆಂದೂ, ಈಗ ಅವನು ಎಲ್ಲಿದ್ದಾನೋ ತಿಳಿಯದೆಂದೂ ಹೇಳಿ, ಪುಸ್ತಕವನ್ನು ನಮ್ಮ ಕೈಗೆ ಹಿಂದಿರುಗಿಸಿದರು.